ಏಳು ಬಾವಿ, ಒಂದು ಸೊನ್ನೆ

ಇದನ್ನು ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕಲಿತದ್ದೆಲ್ಲ ಸಂಜೆ ತರಗತಿಯಲ್ಲಿ, ಅದೂ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಪಾಠದಲ್ಲಿ ಅರ್ಧ ಗಿರಣಿಯ ಸದ್ದಿಗೆ ಹೋಯಿತು. ಕೇಳಿಸಿದ ಅರ್ಧದಲ್ಲಿ ಎಷ್ಟು ತಲೆಗೆ ಹೋಯಿತು ಎಂಬುದು ಬೇರೆ ಮಾತು. ತಿಳಿದವರು ಬರೆಯಲಿ ಎಂದು ಎರಡು ವರ್ಷ ಕಾದೆ. ತಿಳಿದವರೆಲ್ಲ ಸನ್ಮಾನ ಸಮಿತಿಯಲ್ಲಿದ್ದರು, ಅವರಿಗೆ ಪುರುಸೊತ್ತಾಗಲಿಲ್ಲ. ಕೊನೆಗೆ ತಪ್ಪು ಮಾಡಿದವನೇ ಬರೆಯುತ್ತಿದ್ದೇನೆ. ಇದರಲ್ಲೂ ತಪ್ಪಿದ್ದರೆ ದಯವಿಟ್ಟು ತಿದ್ದಿಕೊಂಡು ಓದಿ.

ನಮ್ಮ ಊರಿನಲ್ಲಿ ಏಳು ಬಾವಿಗಳಿವೆ. ಒಂದೊಂದು ಬಾವಿಗೂ ದಿನಕ್ಕೊಂದು ಗುಣ. ನಗುವಿನ ನೀರು ಕುಡಿದರೆ ಅರ್ಧ ದಿನ ನಗು, ಅಳುವಿನದಾದರೆ ಅಳು, ಸಿಟ್ಟಿನದಾದರೆ ಸಿಟ್ಟು; ಸಪ್ಪೆ ನೀರು ಕುಡಿದರೆ ಏನೂ ಆಗುವುದಿಲ್ಲ. ಇವತ್ತು ನಗಿಸಿದ ಬಾವಿ ನಾಳೆ ಏನು ಮಾಡುತ್ತದೋ ಹೇಳಲಾಗದು. ಊರು ಇದಕ್ಕೆ ಯಾವತ್ತೋ ಒಗ್ಗಿಕೊಂಡಿದೆ. ಮದುವೆ ಮನೆಯವರು ನಗುವಿನ ನೀರಿಗೆ ಓಡುತ್ತಾರೆ. ಸಾವಿನ ಮನೆಗೆ, ಸತ್ತವರು ಎಂಥವರು ಎಂಬುದನ್ನು ನೋಡಿಕೊಂಡು, ಒಂದೋ ಎರಡೋ ಕೊಡ ಅಳುವಿನ ನೀರು ಹೋಗುತ್ತದೆ. ಸಿಟ್ಟಿನ ನೀರನ್ನು ಯಾರೂ ಮುಟ್ಟುವುದಿಲ್ಲ. ಅಣ್ಣತಮ್ಮಂದಿರು ಭಾಗ ಕೇಳುವ ದಿನ ಮಾತ್ರ ಒಂದೆರಡು ಕೊಡ ಮೇಲೆ ಬರುವುದುಂಟು. ಮಿಕ್ಕವರಿಗೆಲ್ಲ ಬೇಕಾದದ್ದು ಸಪ್ಪೆ ನೀರು. ಸಂಸಾರ ನಡೆಯಬೇಕಲ್ಲ.

ಯಾವ ಬಾವಿಗೆ ಯಾವ ಗುಣ ಎಂದು ಹೇಳುತ್ತಿದ್ದವಳು ಸಣ್ಣತಾಯಮ್ಮ. ಒಂಬತ್ತನೇ ವಯಸ್ಸಿನಿಂದ ಅರವತ್ತರವರೆಗೆ, ಪ್ರತಿದಿನ ನಸುಕಿನಲ್ಲಿ ಏಳೂ ಬಾವಿಗಳ ನೀರನ್ನು ಒಂದೊಂದು ಗುಟುಕು ಕುಡಿದು, ರಾಟೆಗೆ ಬಟ್ಟೆ ಕಟ್ಟುವುದು ಆಕೆಯ ಕೆಲಸ. ನಗುವಿಗೆ ಹಳದಿ, ಅಳುವಿಗೆ ನೀಲಿ, ಸಿಟ್ಟಿಗೆ ಕೆಂಪು, ಸಪ್ಪೆಗೆ ಬಿಳಿ. ಒಂದು ಗುಟುಕಿನ ಗುಣ ಮುಂದಿನ ಬಾವಿ ಮುಟ್ಟುವವರೆಗೆ ಇರುತ್ತಿತ್ತು. ಹಾಗಾಗಿ ಸೂರ್ಯ ಹುಟ್ಟುವುದರೊಳಗೆ ಆಕೆ ಎರಡು ಸಲ ನಕ್ಕು, ಎರಡು ಸಲ ಅತ್ತು, ಒಂದು ಸಲವಾದರೂ ನನ್ನ ವಂಶವನ್ನೆಲ್ಲ ಜಾಲಾಡಿ ಮುಗಿಸಿರುತ್ತಿದ್ದಳು. ನಾನು ದಫ್ತರ ಹಿಡಿದು ಹಿಂದೆ ನಡೆಯುವ ಪುರಸಭೆಯ ಗುಮಾಸ್ತ.

"ಥೂ ನಿನ್ನ, ಪೆನ್ನು ಹಿಡಿಯೋದು ನೋಡು, ಸತ್ತ ಹಲ್ಲಿ ಬಾಲ ಹಿಡ್ಕೊಂಡಂಗೆ! ನಿನ್ ಕೈಗೆ ದಫ್ತರ ಕೊಟ್ಟೋನು ಯಾವನೋ?" ಎಂದು ಕೆಂಪು ಬಟ್ಟೆ ಕಟ್ಟುತ್ತಾ ಬೈಯುತ್ತಿದ್ದಳು. ಮುಂದಿನ ಬಾವಿಗೆ ಹೋದಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಬೇಜಾರ್ ಮಾಡ್ಕಬ್ಯಾಡ ಕಣೋ ಓಬಳೇಶ. ನೀರು ಬೈದಿದ್ದು, ನಾನಲ್ಲ" ಎನ್ನುತ್ತಿದ್ದಳು. ಅತ್ತಾಗಲೂ ಅಷ್ಟೇ: "ನೀರು ಅತ್ತಿದ್ದು ಕಣೋ." ಹನ್ನೊಂದು ವರ್ಷದಲ್ಲಿ ಒಂದು ದಿನವೂ ಈ ಮಾತನ್ನು ಆಕೆ ಬಿಡಲಿಲ್ಲ.

ದಫ್ತರ ಹಿಡಿದವನು ಬಾವಿಯ ನೀರು ಮುಟ್ಟಬಾರದು ಎಂಬುದು ನಿಯಮ. ಮನೆಗೂ ನಾನು ಬಿಳಿ ಬಟ್ಟೆಯ ನೀರನ್ನೇ ತರಿಸುತ್ತಿದ್ದೆ. "ಹನ್ನೊಂದು ವರ್ಷ ಸಪ್ಪೆ ನೀರು ಕುಡಿದೂ ಕುಡಿದೂ ಗಂಜಿಗೂ ನಿಮಗೂ ವ್ಯತ್ಯಾಸ ಇಲ್ಲದಂಗಾಗಿದೆ ಕಣ್ರೀ. ಗಂಜಿಗಾದ್ರೂ ಉಪ್ಪು ಹಾಕ್ಬೋದು" ಎಂದು ನನ್ನ ಹೆಂಡತಿ ವಾರಿಜ ಹೇಳುತ್ತಿದ್ದಳು. ದಫ್ತರದಲ್ಲಿ ಬಾವಿಯ ಹೆಸರು, ಗಾಳಿ, ಮೋಡ, ನೀರು ಎಷ್ಟು ಮಾರು ಆಳದಲ್ಲಿದೆ, ಕಟ್ಟೆಯ ಮೇಲೆ ಎಷ್ಟು ಕಾಗೆ, ಗುಣ ಯಾವುದು ಎಂದು ಬೆಳಗ್ಗೆ ಬರೆಯುವುದು. ಸಂಜೆ ಮತ್ತೆ ಒಂದು ಸುತ್ತು ಹೋಗಿ, ಕಟ್ಟೆಯ ಕಲ್ಲಿನ ಮೇಲೆ ಹೆಂಗಸರು ಎಳೆದ ಗೀಟು ಎಣಿಸಿ, ಆ ದಿನ ಎಷ್ಟು ಕೊಡ ನೀರು ಸೇದಿದರು ಎಂದು ಸಾಲಿನ ಕೊನೆಯ ಮನೆಯಲ್ಲಿ, ಅಂದರೆ ಕೊನೆಯ ಅಂಕಣದಲ್ಲಿ, ತುಂಬುವುದು. ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಒಂದೇ ಒಂದು ಮಂತ್ರ ಹೇಳಿಕೊಟ್ಟಿದ್ದರು: "ದಫ್ತರದಲ್ಲಿ ಒಂದು ಮನೇನೂ ಖಾಲಿ ಬಿಡಬ್ಯಾಡ. ಗೊತ್ತಿಲ್ದಿದ್ರೆ ಸೊನ್ನೆ ಹಾಕು. ಖಾಲಿ ಕಂಡ್ರೆ ತನಿಖೆಯೋರು ಕೂತ್ಕತಾರೆ, ಸೊನ್ನೆ ಕಂಡ್ರೆ ಎದ್ದು ಹೋಯ್ತಾರೆ." ಅದನ್ನು ನಾನು ಗಾಯತ್ರಿಗಿಂತ ಹೆಚ್ಚಾಗಿ ಜಪಿಸಿದ್ದೇನೆ.

ತಾಪತ್ರಯ ಶುರುವಾದದ್ದು ಪುರಸಭೆ ಅಧ್ಯಕ್ಷ ಪಾಲಾಕ್ಷಪ್ಪನವರ ಮಗಳ ನಿಶ್ಚಿತಾರ್ಥದ ದಿನ. ಸಣ್ಣತಾಯಮ್ಮನಿಗೆ ಅವತ್ತು ನೆಗಡಿ. ಐವತ್ತೊಂದು ವರ್ಷದಲ್ಲಿ ಮೊದಲ ಸಲ ನಾಲಿಗೆ ತಪ್ಪಿ, ನೀಲಿ ಕಟ್ಟಬೇಕಾದ ಬಾವಿಗೆ ಹಳದಿ ಕಟ್ಟಿದಳು. ಗಂಡಿನ ಕಡೆಯ ಎಂಬತ್ತು ಜನ ಹೋಳಿಗೆ ತಿನ್ನುತ್ತಾ ಬಿಕ್ಕಿಬಿಕ್ಕಿ ಅತ್ತರು. ಗಂಡಿನ ತಂದೆ ತುಪ್ಪ ಬಡಿಸಿದವನನ್ನು ತಬ್ಬಿಕೊಂಡು, "ನಮಗ್ಯಾಕಪ್ಪಾ ಇದೆಲ್ಲ" ಎಂದರು. ನಿಶ್ಚಿತಾರ್ಥ ನಡೆಯಿತು, ಆದರೆ ಅಧ್ಯಕ್ಷರ ಮನಸ್ಸಿನಲ್ಲಿ ವಿಜ್ಞಾನ ಹುಟ್ಟಿತು.

"ಒಂದು ಮುದುಕಿ ನಾಲಿಗೆ ಮೇಲೆ ಊರು ನಿಂತಿದೆಯಲ್ಲಯ್ಯ, ನಾಚಿಕೆ ಆಗಬೇಕು" ಎಂದು ನನ್ನನ್ನು ಕರೆಸಿ ಹೇಳಿದರು. "ಈಗ ಯಂತ್ರಾನೇ ಕಲಿತು ಹೇಳುತ್ತಂತೆ. ಅದಕ್ಕೊಂದು ಲೈಬ್ರರಿ ಬಂದಿದೆಯಂತೆ, ಯಾರೋ ಪ್ರೋಗ್ರಾಮು ಬರೆದಿಟ್ಟಿರ್ತಾರಂತೆ, ನಾವು ಕರೆದು ಕೇಳಿದ್ರೆ ಸಾಕಂತೆ. ನೀನು ಸಂಜೆ ತರಗತಿಗೆ ಸೇರ್ಕೋ."

"ನನ್ನಿಂದ ಆಗುತ್ತೋ ಇಲ್ಲವೋ ಸ್ವಾಮಿ."

"ಆಗದೇ ಇರೋದಕ್ಕೆ ಅದೇನು ಬಾವಿ ತೋಡೋ ಕೆಲಸವೇ?"

ಹೀಗೆ ನಾನು ನಲವತ್ತಮೂರನೇ ವಯಸ್ಸಿನಲ್ಲಿ, ಮೈಮೇಲೆ ರಾಗಿಹಿಟ್ಟು ಉದುರಿಸಿಕೊಂಡು, ಜುಬೇದಾ ಮೇಡಂ ಅವರ ತರಗತಿಯಲ್ಲಿ ಕುಳಿತೆ. ಅವರು ಮೊದಲ ದಿನವೇ ಸುಲಭವಾಗಿ ಹೇಳಿಬಿಟ್ಟರು: ಹಳೆಯ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಒಟ್ಟಿಗೆ ಕೊಟ್ಟು 'ಫಿಟ್' ಎಂದು ಬರೆದರೆ ಯಂತ್ರ ಕಲಿಯುತ್ತದೆ, ಬರೀ ಹೊಸ ಪ್ರಶ್ನೆ ಕೊಟ್ಟು 'ಪ್ರೆಡಿಕ್ಟ್' ಎಂದು ಬರೆದರೆ ಉತ್ತರ ಊಹಿಸುತ್ತದೆ. ಎರಡೇ ಮಾತು. ಆ ಎರಡು ಮಾತಿನವರೆಗೆ ತಲುಪಲು ನನಗೆ ಎರಡು ತಿಂಗಳು ಹಿಡಿಯಿತು. ಲೈಬ್ರರಿಯನ್ನು ಕಂಪ್ಯೂಟರಿಗೆ ಇಳಿಸಲು ಮೂರು ವಾರ. ಪ್ರೋಗ್ರಾಮಿನ ಸಾಲಿನ ಮುಂದೆ ಒಂದು ಖಾಲಿ ಜಾಗ ಕಡಿಮೆಯಾಯಿತೆಂದು ಅದು ಒಂದು ವಾರ ಮುನಿಸಿಕೊಂಡಿತು. ತಪ್ಪಾದಾಗಲೆಲ್ಲ ಪರದೆಯ ತುಂಬ ಕೆಂಪು ಅಕ್ಷರ ಬರುತ್ತಿತ್ತು. ಕೆಂಪು ಕಂಡರೆ ತಲೆ ತಗ್ಗಿಸುವುದು ನನಗೆ ಬಾವಿಕಟ್ಟೆಯ ಅಭ್ಯಾಸ, ಹಾಗೇ ತಗ್ಗಿಸಿ ಕೂರುತ್ತಿದ್ದೆ. ಕೆಲವು ಸಲ ಎಲ್ಲ ಸರಿಯಾದಮೇಲೂ, "ಈ ವಿಧಾನವನ್ನು ಮುಂದಿನ ಆವೃತ್ತಿಯಲ್ಲಿ ತೆಗೆದುಹಾಕಲಾಗುವುದು, ಈಗಲೇ ಬದಲಾಯಿಸಿಕೊಳ್ಳಿ" ಎಂದು ಎಚ್ಚರಿಕೆ ಕೊಡುತ್ತಿತ್ತು. ಯಂತ್ರ ತನ್ನ ಹಳೆಯ ಸಾಮಾನಿಗೂ ಇಷ್ಟು ಮುಂಚೆ ತಿಳಿಸುತ್ತದೆ. ಸಣ್ಣತಾಯಮ್ಮನಿಗೆ ಯಾರೂ ತಿಳಿಸಿರಲಿಲ್ಲ. ದಿನಾ ಬೆಳಗ್ಗೆ ಹಿಂದೆಯೇ ನಡೆಯುವ ನಾನೂ.

ಹನ್ನೊಂದು ವರ್ಷದ ದಫ್ತರವನ್ನು ಕಂಪ್ಯೂಟರಿಗೆ ತುಂಬಿಸಬೇಕಾಯಿತು. ಇಪ್ಪತ್ತೆಂಟು ಸಾವಿರ ಸಾಲು. ವಾರಿಜ ಓದುವಳು, ನಾನು ಒತ್ತುವೆನು. ನಾಲ್ಕು ತಿಂಗಳಾದಮೇಲೆ ಅವಳು ಮಾತಾಡುವುದೇ ಹಾಗಾಯಿತು: "ಮೋಡ ಅರ್ಧ, ಕಾಗೆ ಎರಡು, ಸಾರು ಮುಗಿದಿದೆ, ಗುಣ ಸಿಟ್ಟು." ಜುಬೇದಾ ಮೇಡಂ ಹೇಳಿದ್ದಂತೆ ಕೊನೆಯ ಎರಡು ವರ್ಷದ ಸಾಲುಗಳನ್ನು ಯಂತ್ರಕ್ಕೆ ತೋರಿಸದೆ ಬಚ್ಚಿಟ್ಟು, ಮಿಕ್ಕಿದ್ದನ್ನು ಕಲಿಸಿ, ಆಮೇಲೆ ಪರೀಕ್ಷೆ ಮಾಡಿದೆ. ನೂರಕ್ಕೆ ತೊಂಬತ್ತೇಳು. ಮೂರು ಸಲ ಮಾಡಿದರೂ ತೊಂಬತ್ತೇಳು. ಜೀವಮಾನದಲ್ಲಿ ನಾನು ಯಾವ ಪರೀಕ್ಷೆಯಲ್ಲೂ ಮೂವತ್ತೆಂಟು ದಾಟಿದವನಲ್ಲ. ನನಗೆ ಭಯವಾಯಿತು. ಆದರೆ ಅಧ್ಯಕ್ಷರಿಗೆ ಹೇಳಿದೆ. ಭಯವಾದಾಗ ಅಧ್ಯಕ್ಷರಿಗೆ ಹೇಳುವುದು ಕಚೇರಿಯ ಪದ್ಧತಿ.

ಅವರು ಆ ಗುರುವಾರವೇ ಸನ್ಮಾನ ಇಟ್ಟುಕೊಂಡರು. ರಜೆ ಕೇಳಲು ಹೋದರೆ ಜುಬೇದಾ ಮೇಡಂ ಮುಖ ಗಂಟಿಕ್ಕಿದರು. "ಓಬಳೇಶ್ ಅವರೇ, ಈ ಗುರುವಾರದ್ದೊಂದು ತಪ್ಪಿಸ್ಬೇಡಿ. ಫಲಿತಾಂಶ ತೀರಾ ಚೆನ್ನಾಗಿ ಬಂದ್ರೆ ಏನನ್ನು ಅನುಮಾನಿಸ್ಬೇಕು ಅನ್ನೋದೇ ಅವತ್ತಿನ ಪಾಠ."

"ಸನ್ಮಾನ ಇದೆ ಮೇಡಂ."

"ಯಾರಿಗೆ?"

"ನನಗೇ. ಫಲಿತಾಂಶ ತೀರಾ ಚೆನ್ನಾಗಿ ಬಂದಿದ್ದಕ್ಕೆ."

ಅವರು ಇನ್ನೂ ಏನೋ ಹೇಳಿದರು. ಅಷ್ಟರಲ್ಲಿ ಕೆಳಗೆ ಯಾರೋ ಜೋಳ ಸುರಿದರು, ಗಿರಣಿ ಶುರುವಾಯಿತು.

ಸನ್ಮಾನದಲ್ಲಿ ಎರಡು ಶಾಲು ಇದ್ದವು. ಒಂದು ನನಗೆ, ಒಂದು ಸಣ್ಣತಾಯಮ್ಮನಿಗೆ ಬೀಳ್ಕೊಡುಗೆಯದು. ಆಕೆ ಶಾಲನ್ನು ತಿರುವಿ ನೋಡಿ, "ಇದನ್ನ ಯಾವ ಬಾವಿಗೆ ಕಟ್ಬೇಕಪ್ಪಾ?" ಎಂದು ಕೇಳಿದಳು. ಜನ ನಕ್ಕರು. ಅವತ್ತು ಕುಡಿಯಲು ಇಟ್ಟಿದ್ದದ್ದು ನಗುವಿನ ನೀರು, ಆದ್ದರಿಂದ ಆ ನಗುವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಮಾರನೇ ಬೆಳಗ್ಗೆ ಊರೆಲ್ಲ ಪುರಸಭೆಯ ಮುಂದೆ. ನಾನು ಗಾಳಿ, ಮೋಡ, ಆಳ, ಕಾಗೆ ಎಲ್ಲ ತುಂಬಿ, 'ಪ್ರೆಡಿಕ್ಟ್' ಒತ್ತಿದೆ. ಪರದೆ ಕೆಂಪಾಯಿತು. ಒಂದು ಮನೆ ಖಾಲಿ ಇದೆ, ಖಾಲಿ ಇಟ್ಟುಕೊಂಡು ಹೇಳಲಾರೆ ಎಂಬುದು ಅದರ ದೂರು. ನೋಡಿದರೆ ಕೊನೆಯ ಮನೆ: ಇಂದು ಸೇದಿದ ಕೊಡ ಎಷ್ಟು? ಬೆಳಗಿನ ಆರು ಗಂಟೆಗೆ ಅದು ಯಾರಿಗೆ ಗೊತ್ತು?

"ಏನಯ್ಯ ಅದು ಕೆಂಪು? ಜನ ನೋಡ್ತಿದ್ದಾರೆ" ಎಂದು ಅಧ್ಯಕ್ಷರು ಕಿವಿಯಲ್ಲಿ ಹೇಳಿದರು.

ನನ್ನ ಕೈ ಹಿರಿಯ ಗುಮಾಸ್ತರನ್ನು ನೆನೆಯಿತು. ಖಾಲಿ ಬಿಡಬೇಡ. ಇನ್ನೂ ಯಾರೂ ನೀರು ಸೇದಿಲ್ಲವಲ್ಲ, ಸೊನ್ನೆ ಎಂದರೆ ಸುಳ್ಳೂ ಅಲ್ಲ. ಏಳು ಬಾವಿಗೂ ಏಳು ಸೊನ್ನೆ ಹಾಕಿದೆ. ಯಂತ್ರ ತಕ್ಷಣ ಒಪ್ಪಿಕೊಂಡು ಉತ್ತರ ಕೊಟ್ಟಿತು: ಸಿಟ್ಟು, ಸಿಟ್ಟು, ಸಿಟ್ಟು, ಸಿಟ್ಟು, ಸಿಟ್ಟು, ಸಿಟ್ಟು, ಸಿಟ್ಟು.

ಏಳು ಬಾವಿಗೂ ಕೆಂಪು ಬಟ್ಟೆ ಬಿತ್ತು. ಹೆಂಗಸರು ಕೊಡ ಎತ್ತಿಕೊಂಡು ಎರಡು ಮೈಲಿ ಆಚೆಯ ಹಳ್ಳಕ್ಕೆ ಹೋದರು. ಹಳ್ಳದ ನೀರಿಗೆ ಯಾವ ಗುಣವೂ ಇಲ್ಲ, ಮಣ್ಣಿನದೊಂದು ಬಿಟ್ಟರೆ. ಸಂಜೆ ನಾನು ಗೀಟು ಎಣಿಸಲು ಹೋದೆ. ಒಂದೂ ಇರಲಿಲ್ಲ. ಏಳು ಬಾವಿಗೆ ಸೊನ್ನೆ ಕೊಡ. ಈಗ ರುಚಿ ನೋಡುವವರು ಯಾರೂ ಇಲ್ಲವಾದ್ದರಿಂದ ಯಂತ್ರ ಹೇಳಿದ್ದು ಸರಿಯೇ ತಪ್ಪೇ ಎಂದು ತೀರ್ಮಾನಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ಅಧ್ಯಕ್ಷರು ಅದನ್ನೂ ಬಗೆಹರಿಸಿದರು. "ಜನ ನೀರು ಸೇದಿಲ್ಲ ಅಂದ್ರೆ ಅದು ಸಿಟ್ಟಿನ ನೀರು ಅಂತಲೇ ಅರ್ಥ. ನಿನ್ನ ದಫ್ತರಾನೇ ಸಾಕ್ಷಿ. ನೂರಕ್ಕೆ ನೂರು! ಮುದುಕಿ ಯಾವತ್ತಾದ್ರೂ ನೂರು ತೆಗೆದಿದ್ದಳೇ?"

ಎರಡನೇ ದಿನವೂ ಏಳು ಸಿಟ್ಟು, ನೂರಕ್ಕೆ ನೂರು. ಮೂರನೇ ದಿನವೂ. ಊರು ಇದಕ್ಕೂ ಒಗ್ಗಿಕೊಂಡಿತು. ಬಾವಿಗಳ ನಿಜವಾದ ಬಣ್ಣ ಈಗ ಬಯಲಾಯಿತು, ಇಷ್ಟು ವರ್ಷ ಮುದುಕಿ ಬಣ್ಣಬಣ್ಣದ ಬಟ್ಟೆ ಕಟ್ಟಿ ನಮ್ಮನ್ನು ಆಡಿಸುತ್ತಿದ್ದಳು ಎಂದು ಕಟ್ಟೆಯ ಮೇಲಿನವರು ಮಾತಾಡಿಕೊಂಡರು. ಎರಡು ಮೈಲಿ ನೀರು ಹೊತ್ತು ಬಂದ ಹೆಂಗಸರು ಗಂಡಂದಿರ ಮೇಲೆ ಹಾರಾಡಿದರು. ಗಂಡಂದಿರು ಬೀದಿಯಲ್ಲಿ ಹಾರಾಡಿದರು. "ನೋಡಿದ್ರಾ, ಬಾವಿ ಪಕ್ಕ ಓಡಾಡಿದ್ರೇ ಇಷ್ಟು ಸಿಟ್ಟು ಬರುತ್ತೆ, ಇನ್ನು ಕುಡಿದಿದ್ರೆ?" ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ಹಳ್ಳಕ್ಕೆ ಹೋಗುವ ದಾರಿಗೆ ನನ್ನ ಹೆಸರಿಡುವ ಮಾತೂ ಬಂತು.

ಮುಂದಿನ ಗುರುವಾರ ತರಗತಿಗೆ ಹೋದೆ. ಜುಬೇದಾ ಮೇಡಂ ತಪ್ಪಿದ ಪಾಠವನ್ನು ನನಗೊಬ್ಬನಿಗೇ ಹೇಳಿಕೊಟ್ಟರು. ಆಮೇಲೆ ನನ್ನ ಕಡತ ತೆರೆದು, ಯಂತ್ರ ಯಾವ ಮನೆಯನ್ನು ಎಷ್ಟು ನಂಬಿದೆ ಎಂದು ಲೈಬ್ರರಿಯನ್ನೇ ಕೇಳಿದರು. ಗಾಳಿ, ಮೋಡ, ಆಳ, ಕಾಗೆ ಎಲ್ಲಕ್ಕೂ ಚಿಲ್ಲರೆ. ಮಿಕ್ಕ ನಂಬಿಕೆಯೆಲ್ಲ ಒಂದೇ ಮನೆಯ ಮೇಲೆ.

"ಈ ಕೊಡದ ಸಂಖ್ಯೆ ಯಾವಾಗ ಬರೀತೀರಿ?"

"ಸಂಜೆ ಮೇಡಂ."

"ಜನ ಎಷ್ಟು ಕೊಡ ಸೇದ್ತಾರೆ ಅನ್ನೋದು ಯಾವುದರ ಮೇಲೆ ಹೋಗುತ್ತೆ?"

"ಸಣ್ಣತಾಯಮ್ಮ ಕಟ್ಟಿದ ಬಟ್ಟೆ ಮೇಲೆ."

"ಮತ್ತೆ ನಿಮ್ಮ ಯಂತ್ರ ಕಲಿತಿದ್ದು ಬಾವೀನ ಅಲ್ಲ. ಉತ್ತರ ಪತ್ರಿಕೆ ಬೆನ್ನಿಗೆ ಅಂಟಿಸ್ಕೊಂಡಿರೋನ ಹಿಂದೆ ಕೂತು ಪರೀಕ್ಷೆ ಬರೆದಿದೆ. ಈಗ ಮುಂದೆ ಕೂತೋನನ್ನ ಎಬ್ಬಿಸಿ ಕಳಿಸಿದ್ದೀರಿ. ಅದು ಸೊನ್ನೆ ನೋಡ್ಕೊಂಡು ಸಿಟ್ಟು ಅನ್ನುತ್ತೆ, ನೀವು ಸಿಟ್ಟು ಅಂದಿದ್ದಕ್ಕೆ ಜನ ಬರಲ್ಲ, ಬರದೇ ಇದ್ದಿದ್ದಕ್ಕೆ ಸೊನ್ನೆ. ಖಾಲಿ ಇದೆ, ಹೇಳಕ್ಕಾಗಲ್ಲ ಅಂತ ಅದು ಒಂದು ಸಲ ನಿಜ ಹೇಳಿತ್ತಲ್ಲ ಓಬಳೇಶ್ ಅವರೇ. ನೀವೇ ಬಾಯಿ ಮುಚ್ಚಿಸಿದ್ರಿ."

ಇದನ್ನು ತಿಳಿದ ಕೂಡಲೇ ನಾನು ಓಡಿಹೋಗಿ ಎಲ್ಲರಿಗೂ ಹೇಳಿದೆ ಎಂದು ಬರೆಯಲು ಆಸೆ. ಎಂಟು ದಿನ ಸುಮ್ಮನಿದ್ದೆ. ಶಾಲು ಹೊದ್ದ ಫೋಟೋ ಕಚೇರಿಯ ಗೋಡೆಗೆ ಬಂದಿತ್ತು, 'ಯಂತ್ರಾಧಿಕಾರಿ' ಎಂದು ಹಲಗೆಗೆ ಬಣ್ಣ ಹಚ್ಚುತ್ತಿದ್ದರು. ಎಂಟನೇ ದಿನ ವಾರಿಜ ಹಳ್ಳದಿಂದ ಬಂದು ಕೊಡ ಇಳಿಸುತ್ತಾ ಹೇಳಿದಳು: "ಸಣ್ಣತಾಯಮ್ಮ ಊಟ ಬಿಟ್ಟಿದ್ದಾರಂತೆ. ಹಿಂಗೇ ಆದ್ರೆ ಶ್ರಾವಣ ಕಾಣಲ್ಲ ಅಂತ ಪಕ್ಕದ ಮನೆಯೋರು ಅಂತಿದ್ರು. ನೀವು ಹೋಗಿ ನೋಡಿದ್ರಾ?"

ಹೋದೆ. ಆಕೆ ಜಗಲಿಯ ಮೇಲೆ ಕುಳಿತಿದ್ದಳು, ಮುಂದೆ ಒಂದು ಲೋಟ ಹಳ್ಳದ ನೀರು. ಮುಖದಲ್ಲಿ ಏನೂ ಇರಲಿಲ್ಲ. ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಬಾರೋ. ಬೈಯೋಣ ಅಂದ್ರೆ ಬರ್ತಿಲ್ಲ ಕಣೋ" ಎಂದಳು. "ಐವತ್ತೊಂದು ವರ್ಸ ಹೊತ್ತು ಹುಟ್ಟೋದ್ರೊಳಗೆ ನಗೋದು ಅಳೋದು ಎಲ್ಲಾ ಮುಗಿಸಿ, ಆಮ್ಯಾಲೆ ಮನೆಗೆಲ್ಸ ಮಾಡ್ಕಂತಿದ್ದೆ. ಈಗ ಬೆಳಗಾದ್ರೆ ಏನ್ ಮಾಡ್ಬೇಕೋ ಗೊತ್ತಾಗಲ್ಲ. ಸುಮ್ನೆ ಇವ್ನಿ. ನನ್ನದು ಅಂತ ಒಂದು ಸಿಟ್ಟಾದ್ರೂ ಇತ್ತೋ ಇಲ್ವೋ ಅಂತ ಹುಡುಕ್ತಾ ಕುಂತಿವ್ನಿ. ಸಿಕ್ಕಿಲ್ಲ."

ನಾನು ಎಲ್ಲ ಹೇಳಿದೆ. ದಫ್ತರ, ಕೊಡ, ಸೊನ್ನೆ, ಎಂಟು ದಿನ. ಬೈದಾಳು ಎಂದು ತಲೆ ತಗ್ಗಿಸಿದ್ದೆ. ಆಕೆ ಲೋಟವನ್ನು ಸರಿಸಿ, "ನಂಗೆ ಹೇಳಿದ್ಯಲ್ಲ, ಅಲ್ಲಿ ಹೋಗಿ ಹೇಳು" ಎಂದಳು, ಅಷ್ಟೇ.

ಮಾರನೇ ದಿನ ಪುರಸಭೆಯ ಸಭೆಯಲ್ಲಿ ನಿಂತು ಹೇಳಿದೆ. ಪಾಲಾಕ್ಷಪ್ಪನವರು ಪೂರ್ತಿ ಕೇಳಿ, ಮಗುವಿಗೆ ಹೇಳುವಂತೆ ಹೇಳಿದರು: "ನೂರಕ್ಕೆ ನೂರು ಬಂದಿದ್ದನ್ನ ತಪ್ಪು ಅಂತೀಯಲ್ಲಯ್ಯ. ಐವತ್ತು ಬಂದಿದ್ರೆ ಏನಂತಿದ್ದೆ?"

"ಐವತ್ತು ಬಂದಿದ್ರೆ ಸ್ವಲ್ಪ ನಂಬಬಹುದಿತ್ತು ಸ್ವಾಮಿ."

ಸಭೆ ಹೊಟ್ಟೆ ಹಿಡಿದು ನಕ್ಕಿತು, ಹಳ್ಳದ ನೀರು ಕುಡಿದೇ. ಕೊನೆಗೆ ಯಾರೋ, "ಹಂಗಾದ್ರೆ ಕೆಂಪು ಬಟ್ಟೆ ಬಾವಿ ನೀರನ್ನ ಯಾರಾದ್ರೂ ಕುಡಿದು ತೋರಿಸಲಿ" ಎಂದರು. ಎಲ್ಲರೂ ಪಕ್ಕದವರನ್ನು ನೋಡಿದರು. ನನ್ನನ್ನೂ ನೋಡಿದರು. "ಇವನು ಬ್ಯಾಡ. ಇವನಿಗೆ ಏನು ಕುಡಿಸಿದ್ರೂ ಗೊತ್ತಾಗಲ್ಲ" ಎಂದು ಅವರೇ ತೀರ್ಮಾನಿಸಿದರು. ಬಾಗಿಲ ಬಳಿಯಿಂದ ಒಂದು ದನಿ ಬಂತು: "ನಾಳೆ ಬರ್ತೀನಿ. ಓಬಳೇಶ, ದಫ್ತರ ತಗಂಡು ಬಾ." ಸಣ್ಣತಾಯಮ್ಮ ಬಾಗಿಲು ಹಿಡಿದು ನಿಂತಿದ್ದಳು.

ನಸುಕಿನಲ್ಲಿ ಊರೆಲ್ಲ ನಮ್ಮ ಹಿಂದೆ ಬಂತು. ಮೊದಲ ಬಾವಿಯಲ್ಲಿ ಆಕೆ ಒಂದು ಗುಟುಕು ಕುಡಿದು, ಬಾಯಿಯಲ್ಲಿ ತಿರುಗಿಸಿ, ಕೆಂಪು ಬಟ್ಟೆ ಬಿಚ್ಚಿ ಬಿಳಿ ಕಟ್ಟಿದಳು. ಹೆಂಗಸರು ಕೊಡ ಇಳಿಸಿದರು. ಎರಡನೆಯದೂ ಬಿಳಿ. ಮೂರನೆಯದರಲ್ಲಿ ಆಕೆಯ ಹೆಗಲು ಕುಲುಕತೊಡಗಿತು, ಆಮೇಲೆ ಹೊಟ್ಟೆ, ಆಮೇಲೆ ಕಟ್ಟೆಯ ಮೇಲೆ ಕುಕ್ಕರಿಸಿ ಅಧ್ಯಕ್ಷರ ಮೀಸೆಯನ್ನು ಬೆರಳು ಮಾಡಿ ತೋರಿಸುತ್ತಾ ನಕ್ಕಳು. ಹಳದಿ. ಐದನೆಯದು ನಿಜವಾಗಿಯೂ ಕೆಂಪೇ. ಅಧ್ಯಕ್ಷರಿಗೂ ಸನ್ಮಾನ ಸಮಿತಿಗೂ ಅಲ್ಲಿ ಆದ ಪೂಜೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ದಫ್ತರದಲ್ಲಿ ಅದಕ್ಕೆ ಮನೆಯಿಲ್ಲ. ಆರನೆಯದಕ್ಕೆ ಹೋದಾಗ ಆಕೆ ಬಾಯಿ ಒರೆಸಿಕೊಂಡು, "ನೀರು ಬೈದಿದ್ದು ಸ್ವಾಮಿ, ನಾನಲ್ಲ" ಎಂದಳು. ಅಧ್ಯಕ್ಷರು ತಲೆಯಾಡಿಸಿದರು. ಬೇರೆ ದಾರಿ ಇರಲಿಲ್ಲ.

ಏಳನೇ ಬಾವಿಗೆ ಬರುವ ಹೊತ್ತಿಗೆ ಜನ ಹಿಂದಿನ ಬಾವಿಗಳಲ್ಲೇ ಉಳಿದಿದ್ದರು. ನಾವಿಬ್ಬರೇ. ಆಕೆ ಒಂದು ಗುಟುಕು ಕುಡಿದಳು. ಬಹಳ ಹೊತ್ತು ನನ್ನ ಕಡೆ ನೋಡಿದಳು, ದಫ್ತರದ ಕಡೆ, ಪೆನ್ನು ಹಿಡಿದ ನನ್ನ ಕೈ ಕಡೆ. ಆಮೇಲೆ ಸದ್ದಿಲ್ಲದೆ ಅತ್ತಳು. ನೀಲಿ ಬಟ್ಟೆ ಕಟ್ಟಿ, ಕೋಲೂರಿಕೊಂಡು ಮನೆಯ ಕಡೆ ಹೊರಟಳು. ನಾನು 'ಅಳು' ಎಂದು ಬರೆದು, ಆ ಮಾತಿಗಾಗಿ ಕಾಯುತ್ತಾ ಹಿಂದೆ ನಡೆದೆ. ಬಾಗಿಲು ಬಂತು, ಆಕೆ ಒಳಗೆ ಹೋದಳು. ನೀರು ಅತ್ತಿದ್ದು ಎಂದು ಹೇಳಲಿಲ್ಲ.

ಅವತ್ತು ಆಕೆ ಊಟ ಮಾಡಿದಳಂತೆ. ಈಗಲೂ ದಿನಾ ಬರುತ್ತಾಳೆ, ನನ್ನ ಪೆನ್ನಿನ ಬಗ್ಗೆ ಹೊಸ ಹೊಸ ಉಪಮೆ ಸಿಗುತ್ತಿವೆ. 'ಯಂತ್ರಾಧಿಕಾರಿ' ಹಲಗೆಯನ್ನು ತಿರುಗಿಸಿ ಅದರ ಹಿಂದೆ 'ಚಪ್ಪಲಿ ಇಲ್ಲಿ ಬಿಡಿ' ಎಂದು ಬರೆಸಿದ್ದಾರೆ. ಕೊಡದ ಮನೆಯನ್ನು ತೆಗೆದು ಯಂತ್ರಕ್ಕೆ ಮತ್ತೆ ಕಲಿಸಿದೆ. ಈಗ ನೂರಕ್ಕೆ ನಲವತ್ತೊಂದು ಬರುತ್ತದೆ. ಜುಬೇದಾ ಮೇಡಂ ಅದನ್ನು ಮರ್ಯಾದಸ್ಥ ಅಂಕ ಎನ್ನುತ್ತಾರೆ. ಅಧ್ಯಕ್ಷರು ಮಾತ್ರ ಎಲ್ಲಿ ಭಾಷಣ ಮಾಡಿದರೂ ಆ ನೂರನ್ನೇ ಹೇಳುತ್ತಾರೆ.

ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಅವತ್ತು ಸಂಜೆ ಏಳನೇ ಬಾವಿಯಲ್ಲಿ ಗೀಟು ಎಣಿಸಲು ಹೋದವನು, ಯಾರೂ ಇಲ್ಲದ್ದು ನೋಡಿ, ನಿಯಮ ಮುರಿದು ಒಂದು ಬೊಗಸೆ ನೀರು ಕುಡಿದೆ. ಅದು ನಿಜವಾಗಿಯೂ ಅಳುವಿನ ನೀರೋ, ಸಪ್ಪೆ ನೀರೋ, ಅಂದರೆ ಆಕೆ ಅತ್ತದ್ದು ಆಕೆಯದೇ ಅಳುವೋ ಎಂದು ತಿಳಿಯಬೇಕಿತ್ತು. ಕುಡಿದ ಕೂಡಲೇ ಕಣ್ಣು ತುಂಬಿ ಬಂದು, ಕಟ್ಟೆಯ ಮೇಲೆ ಕುಳಿತು ಅತ್ತೆ, ಗೀಟು ಎಣಿಸುವುದು ಉಳಿದೇಹೋಯಿತು. ಆದರೆ ಕುಡಿಯುವ ಮೊದಲೇ ನಾನು ನೀಲಿ ಬಟ್ಟೆ ನೋಡಿದ್ದೆ. ಆಕೆ ಅತ್ತದ್ದನ್ನೂ ನೋಡಿದ್ದೆ. ಉತ್ತರ ನೋಡಿಕೊಂಡು ಬರೆದ ಪರೀಕ್ಷೆಗೆ ಅಂಕ ಕೊಡಬಾರದು ಎಂಬುದನ್ನು ಅಷ್ಟು ಹೊತ್ತಿಗೆ ಕಲಿತಿದ್ದೆ. ಆದ್ದರಿಂದ ಅತ್ತದ್ದು ನೀರೋ, ಬಟ್ಟೆಯೋ, ನಾನೋ ನನಗೆ ಗೊತ್ತಿಲ್ಲ. ಆಕೆಯದೂ ಗೊತ್ತಿಲ್ಲ. ಆ ದಿನದ ಸಾಲಿನಲ್ಲಿ ಕೊಡದ ಮನೆಯನ್ನು ಖಾಲಿ ಬಿಟ್ಟಿದ್ದೇನೆ.